ಭಯೋತ್ಪಾದನೆ ಬಗ್ಗೆ ಎಂ.ಎ. ಮಾಡಿದರೆ ಎನ್‌ಐಎ ಸೇರಬಹುದಾ?

ಪ್ರಶ್ನೆ: ನಾನು ಉಡುಪಿಯ ಕಾಲೇಜೊಂದರಲ್ಲಿ ಬಿ.ಎ. ಕೊನೇ ವರ್ಷದಲ್ಲಿದ್ದೇನೆ. ರಾಜ್ಯಶಾಸ್ತ್ರ, ಪತ್ರಿಕೋದ್ಯಮ ನನ್ನ ವಿಷಯಗಳು. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯವೊಂದರ ‘ಟೆರರಿಸಂ ಆ್ಯಂಡ್ ಹೋಮ್‌ಲ್ಯಾಂಡ್ ಸೆಕ್ಯುರಿಟಿ’ ಎಂಬ ಸ್ನಾತಕೋತ್ತರ ಕೋರ್ಸಿನ ಜಾಹೀರಾತು ಫೋನಿನಲ್ಲಿ ಬಂತು. ಆನ್‌ಲೈನಿನಲ್ಲೂ ಮಾಡಬಹುದಂತೆ. ಅದನ್ನು ಓದಿದರೆ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಅಥವಾ ‘ರಾ’ (ಹೊರದೇಶದ ಗುಪ್ತಚರ ಸಂಸ್ಥೆ) ಸೇರುವುದು ಸುಲಭವಾಗುತ್ತದಾ? ಸಾಲ ಮಾಡಿಯಾದರೂ ಹೋಗಬಹುದಾ? ಅಮ್ಮ ಮಾತ್ರ “ಅದೆಂಥ ಕೋರ್ಸ್, ಬಾಂಬ್ ಇಡುವುದು ಕಲಿಸ್ತಾರಾ?” ಎಂದು ಕೇಳುತ್ತಿದ್ದಾರೆ.
— ವಿದ್ಯಾರ್ಥಿನಿ, ಮಲ್ಪೆ

ಉತ್ತರ: ಮೊದಲು ಅಮ್ಮನಿಗೆ ಉತ್ತರ ಹೇಳಿಬಿಡುತ್ತೇನೆ. ಬಾಂಬ್ ಇಡುವುದನ್ನು ಕಲಿಸುವುದಿಲ್ಲ, ತೆಗೆಯುವುದನ್ನೂ ಕಲಿಸುವುದಿಲ್ಲ. ಅದು ಪೊಲೀಸರ ಬಾಂಬ್ ನಿಷ್ಕ್ರಿಯ ದಳದ ತರಬೇತಿ. ಎಂ.ಎ. ಕ್ಲಾಸಿನಲ್ಲಿ ಇರುವುದು ಓದು, ಬರಹ, ಚರ್ಚೆ, ಮತ್ತೆ ಓದು. ಬಂದೂಕು ನೋಡಬೇಕು ಎಂಬ ಆಸೆಯಿಂದ ಬಂದವರು ಎರಡನೇ ತಿಂಗಳಿಗೇ ಬೋರ್ ಹೊಡೆಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಇದನ್ನು ಪಾಠ ಮಾಡಿದವನಾಗಿ ಹೇಳುತ್ತಿದ್ದೇನೆ.

ಇನ್ನು ಆ ಜಾಹೀರಾತಿನ ವಿಷಯ. ‘ಹೋಮ್‌ಲ್ಯಾಂಡ್ ಸೆಕ್ಯುರಿಟಿ’ ಎಂಬುದು ಕೇಳಲಿಕ್ಕೆ ಒಂದು ಶಾಸ್ತ್ರದ ಹೆಸರಿನ ಹಾಗಿದೆ. ನಿಜದಲ್ಲಿ ಅದು ಅಮೆರಿಕದ ಒಂದು ಸರಕಾರಿ ಇಲಾಖೆಯ ಹೆಸರು. 2001ರ ಸೆಪ್ಟೆಂಬರ್ 11ರ ದಾಳಿ ಆದ ಮೇಲೆ, 2002ರ ನವೆಂಬರಿನಲ್ಲಿ ಕಾನೂನು ಮಾಡಿ, ಬೇರೆ ಬೇರೆ ಕಡೆ ಹಂಚಿಹೋಗಿದ್ದ 22 ಕಚೇರಿಗಳನ್ನು ಒಂದೇ ಸೂರಿನಡಿ ತಂದರು. 2003ರ ಮಾರ್ಚಿನಲ್ಲಿ ಇಲಾಖೆ ಕೆಲಸ ಶುರು ಮಾಡಿತು. ಕಸ್ಟಮ್ಸ್, ವಲಸೆ, ಕೋಸ್ಟ್ ಗಾರ್ಡ್, ವಿಮಾನ ನಿಲ್ದಾಣದ ತಪಾಸಣೆ, ಪ್ರವಾಹ-ಚಂಡಮಾರುತದ ಪರಿಹಾರ, ಎಲ್ಲ ಒಂದೇ ಮನೆ. ಆ ಮನೆಗೆ ಜನ ಬೇಕಲ್ಲ, ಹಾಗಾಗಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅದೇ ಹೆಸರಿನ ಕೋರ್ಸುಗಳು ಹುಟ್ಟಿಕೊಂಡವು.

ನಮ್ಮಲ್ಲಿ ಇದೇ ಕೆಲಸ ನಾಲ್ಕು ಮನೆಗಳಲ್ಲಿದೆ. ಪಣಂಬೂರಿನ ಬಂದರಿಗೇ ಬನ್ನಿ. ಗೇಟಿನಲ್ಲಿ ನಿಂತ ಸಿಐಎಸ್‌ಎಫ್, ಅಂದರೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಗೃಹ ಸಚಿವಾಲಯದ್ದು. ಹತ್ತಿರವೇ ಇರುವ ಕೋಸ್ಟ್ ಗಾರ್ಡ್ ರಕ್ಷಣಾ ಸಚಿವಾಲಯದ್ದು. ಕಸ್ಟಮ್ಸ್‌ನವರು ಹಣಕಾಸು ಸಚಿವಾಲಯದವರು. ದಡ ಕಾಯುವ ಕರಾವಳಿ ಕಾವಲು ಪೊಲೀಸ್ ರಾಜ್ಯ ಸರಕಾರದ್ದು. ಅಮೆರಿಕದ ಆ ಕೋರ್ಸಿನಲ್ಲಿ ದೊಡ್ಡ ಪಾಲು ಅವರದೇ ಕಾನೂನು, ಅವರದೇ ಕಚೇರಿಗಳ ವಿವರ. ಇಲ್ಲಿ ಅದನ್ನು ಇಟ್ಟುಕೊಂಡು ಮಾಡುವುದೆಂಥದು?

ಅಲ್ಲೇ ಕೆಲಸಕ್ಕೆ ಸೇರಿದರಾಯಿತು ಎಂದುಕೊಂಡರೆ ಅದೂ ಆಗುವುದಿಲ್ಲ. ಆ ಇಲಾಖೆಯ ಕೆಲಸಗಳಿಗೆ ಅಮೆರಿಕದ ಪೌರತ್ವ ಬೇಕು. ಗುಪ್ತ ಕಡತ ಮುಟ್ಟಲು ಬೇಕಾದ ಅನುಮತಿ ಹೊರದೇಶದವರಿಗೆ ಸಿಗುವುದಿಲ್ಲ. ಸರಕಾರದ ಗುತ್ತಿಗೆ ಹಿಡಿದ ಖಾಸಗಿ ಕಂಪನಿಗಳೂ ಮೊದಲು ಇದನ್ನೇ ಕೇಳುತ್ತವೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆ ಅಡವಿಟ್ಟು ಹೋದ. ಒಳ್ಳೇ ಅಂಕ ಬಂತು. ವಿದ್ಯಾರ್ಥಿ ವೀಸಾದ ಮೇಲೆ ಓದು ಮುಗಿದ ನಂತರ ಕೆಲಸಕ್ಕೆ ಸಿಗುವ 12 ತಿಂಗಳಲ್ಲಿ ಅರವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದನಂತೆ. ಎಲ್ಲದರ ಕೆಳಗೂ ಒಂದೇ ಸಾಲು: ಅಮೆರಿಕದ ಪ್ರಜೆಗಳಿಗೆ ಮಾತ್ರ. ಹೋಗುವ ಮೊದಲು ಈ ಸಾಲನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಕೋರ್ಸ್ ಮಾರಿದ ಏಜೆಂಟ್ ಅಂತೂ ತೋರಿಸಲೇ ಇಲ್ಲ. ಸೈಬರ್ ಕಡೆಯ ಕೆಲವು ಕೋರ್ಸುಗಳು ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗುತ್ತದೆ. ಅದಕ್ಕೆ ಕೋರ್ಸಿನ ‘ಸಿಐಪಿ ಕೋಡ್’ (ಕೋರ್ಸು ಯಾವ ವಿಷಯ ವರ್ಗಕ್ಕೆ ಸೇರಿದ್ದು ಎಂದು ಹೇಳುವ ಸಂಖ್ಯೆ) ಏನು ಎಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಬೇಕು, ಏಜೆಂಟನ್ನು ಅಲ್ಲ.

ಆನ್‌ಲೈನ್ ಪದವಿಗೆ ಒಂದೇ ಮಾತು. ಇಲ್ಲಿನ ಸರಕಾರಿ ಕೆಲಸಕ್ಕೆ, ಕಾಲೇಜು ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆಗೆ ಅದು ಸಮಾನ ಎಂದು ಯುಜಿಸಿ ಒಪ್ಪುತ್ತದಾ ಎಂಬುದಕ್ಕೆ ಲಿಖಿತ ಉತ್ತರ ಸಿಗುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. ಎನ್‌ಐಎ ಹುಟ್ಟಿದ್ದು 2008ರ ಮುಂಬೈ ದಾಳಿಯ ನಂತರ, ಆ ವರ್ಷವೇ ಬಂದ ಕಾನೂನಿನಿಂದ. ಅಲ್ಲಿನ ದೊಡ್ಡ ಅಧಿಕಾರಿಗಳು ಹೆಚ್ಚಾಗಿ ಪೊಲೀಸ್ ಮತ್ತು ಕೇಂದ್ರ ಪಡೆಗಳಿಂದ ನಿಯೋಜನೆ ಮೇಲೆ ಬಂದವರು. ಹೊರಗಿನವರಿಗೆ ನೇರ ಬಾಗಿಲು ಅಂದರೆ ಸಬ್ ಇನ್‌ಸ್ಪೆಕ್ಟರ್ ಹುದ್ದೆ. ಅದು ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಬರುತ್ತದೆ. ಗುಪ್ತಚರ ವಿಭಾಗ, ಅಂದರೆ ಐಬಿ, ಎಸಿಐಒ ಎಂಬ ಸಹಾಯಕ ಗುಪ್ತಚರ ಅಧಿಕಾರಿಯ ಹುದ್ದೆಗೆ ತಾನೇ ಪರೀಕ್ಷೆ ನಡೆಸುತ್ತದೆ. ಸಾಮಾನ್ಯ ವರ್ಗಕ್ಕೆ 27 ವರ್ಷದವರೆಗೆ ಅವಕಾಶ, ಮೀಸಲಾತಿ ಇದ್ದರೆ ಸಡಿಲಿಕೆ ಉಂಟು. ಕೇಂದ್ರ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆಗೆ 20ರಿಂದ 25. ಎಲ್ಲದಕ್ಕೂ ಪದವಿ ಸಾಕು. ಸ್ನಾತಕೋತ್ತರಕ್ಕೆ ಒಂದು ಅಂಕವೂ ಜಾಸ್ತಿ ಇಲ್ಲ. ‘ರಾ’ಗೆ ನೀವು ಅರ್ಜಿ ಹಾಕುವ ಹಾಗಿಲ್ಲ, ಅವರೇ ಬೇರೆ ಸೇವೆಗಳಿಂದ ಆರಿಸಿಕೊಳ್ಳುತ್ತಾರೆ. ಹಾಗಾಗಿ ಸಮವಸ್ತ್ರವೇ ನಿಮ್ಮ ಗುರಿಯಾದರೆ ಈ ಎರಡು ವರ್ಷ ಪರೀಕ್ಷೆಗೆ ಕೂತುಕೊಳ್ಳಿ. ವಯಸ್ಸಿನ ಲೆಕ್ಕ ಯಾರಿಗೂ ಕಾಯುವುದಿಲ್ಲ.

ಹಾಗಾದರೆ ಈ ವಿಷಯ ಓದುವುದೇ ದಂಡವಾ? ಖಂಡಿತ ಅಲ್ಲ. ಇದರಲ್ಲಿ ಏನಿದೆ ಎಂದು ಒಂದು ತರಗತಿಯನ್ನೇ ತೋರಿಸುತ್ತೇನೆ.

2020ರ ಜನವರಿ 20. ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಹತ್ತಿರ ಯಾರೋ ಬಿಟ್ಟುಹೋದ ಚೀಲ. ಒಳಗೆ ಸ್ಫೋಟಕ. ಅದನ್ನು ಕೆಂಜಾರು ಮೈದಾನಕ್ಕೆ ಒಯ್ದು, ಮರಳಿನ ಮೂಟೆಗಳ ನಡುವೆ ಇಟ್ಟು ಸಿಡಿಸಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಎರಡು ದಿನದಲ್ಲಿ ಒಬ್ಬ ಬೆಂಗಳೂರಿನಲ್ಲಿ ಶರಣಾದ. ಕೆಲಸ ಸಿಗದ ಸಿಟ್ಟಿನಲ್ಲಿ ಇಟ್ಟದ್ದು ಎಂದು ತನಿಖೆಯಲ್ಲಿ ಬಂತು. ನಾನು ಬೋರ್ಡಿನ ಮೇಲೆ ಬರೆಯುವ ಪ್ರಶ್ನೆ: ಇದು ಭಯೋತ್ಪಾದನೆಯಾ?

ಉತ್ತರಕ್ಕೆ ಒಂದು ಅಳತೆಗೋಲು ಬೇಕು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ‘ಸ್ಟಾರ್ಟ್’ ಎಂಬ ಕೇಂದ್ರ 1970ರಿಂದ ಈಚಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳನ್ನು ಪಟ್ಟಿ ಮಾಡಿದೆ. ಗ್ಲೋಬಲ್ ಟೆರರಿಸಂ ಡೇಟಾಬೇಸ್ ಎಂದು ಹೆಸರು. ಪಟ್ಟಿಗೆ ಸೇರಬೇಕಾದರೆ ಮೂರು ವಿಷಯ ಇರಲೇಬೇಕು: ಬೇಕೆಂದೇ ಮಾಡಿರಬೇಕು, ಹಿಂಸೆ ಅಥವಾ ಅದರ ಬೆದರಿಕೆ ಇರಬೇಕು, ಮಾಡಿದವರು ಸರಕಾರದವರಾಗಿರಬಾರದು. ಆಮೇಲೆ ಇನ್ನು ಮೂರರಲ್ಲಿ ಎರಡಾದರೂ ಇರಬೇಕು. ರಾಜಕೀಯ, ಆರ್ಥಿಕ, ಧಾರ್ಮಿಕ ಅಥವಾ ಸಾಮಾಜಿಕ ಉದ್ದೇಶ ಒಂದು. ಪೆಟ್ಟು ತಿಂದವರನ್ನು ದಾಟಿ ದೊಡ್ಡ ಜನಸಮೂಹವನ್ನು ಹೆದರಿಸುವ ಇರಾದೆ ಇನ್ನೊಂದು. ಯುದ್ಧದ ನಿಯಮಗಳ ಹೊರಗಿನ ಕೃತ್ಯ ಎಂಬುದು ಮೂರನೆಯದು.

ಮೊದಲ ಮೂರಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ಯುದ್ಧದ ಪ್ರಶ್ನೆಯೂ ಸುಲಭ. ಆಮೇಲೆ ಜಗಳ ಶುರು. “ಸ್ವಂತ ಸಿಟ್ಟು ಸರ್, ಯಾವ ಸಿದ್ಧಾಂತವೂ ಇಲ್ಲ” ಎಂದು ಒಂದು ಗುಂಪು. ಹಿಂದಿನ ಬೆಂಚಿನಿಂದ ಒಬ್ಬಳು ಒಮ್ಮೆ ಕೇಳಿದ್ದಳು, “ಸಿಟ್ಟು ಅಧಿಕಾರಿ ಮೇಲಾದ್ರೆ ಅವರ ಮನೆಗೆ ಕಲ್ಲು ಹೊಡಿಬಹುದಿತ್ತು. ಇಡೀ ಊರು ಬಂದು ಹೋಗುವ ಜಾಗಕ್ಕೇ ಯಾಕೆ ಇಟ್ಟ?” ತರಗತಿ ಅರ್ಧ ನಿಮಿಷ ಸುಮ್ಮನಾಯಿತು. ಹೆದರಿಸಬೇಕಾದದ್ದು ಯಾರನ್ನು ಎಂಬ ಪ್ರಶ್ನೆಯೇ ಈ ಶಾಸ್ತ್ರದ ಹೊಟ್ಟೆ. ಅವಳಿಗೆ ಅದು ಯಾರೂ ಹೇಳಿಕೊಡದೆ ಸಿಕ್ಕಿತ್ತು.

ನಮ್ಮ ಕಾನೂನು ಈ ಜಗಳವನ್ನು ಬೇರೆ ರೀತಿ ಮುಗಿಸುತ್ತದೆ. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, 1967ರದ್ದು. 2004ರಲ್ಲಿ ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆ ರದ್ದಾದಾಗ ಭಯೋತ್ಪಾದನೆಯ ಕಲಮುಗಳು ಅದಕ್ಕೆ ಸೇರಿದವು. ಅದರ 15ನೇ ಸೆಕ್ಷನ್ನಿನಲ್ಲಿ ರಾಜಕೀಯ ಉದ್ದೇಶ ಇರಲೇಬೇಕೆಂದಿಲ್ಲ. ಜನರಲ್ಲಿ ಭೀತಿ ಹುಟ್ಟಿಸುವ ಇರಾದೆಯೂ ಸಾಕು. ವಿಮಾನ ನಿಲ್ದಾಣದ ಪ್ರಕರಣದಲ್ಲಿ 2022ರಲ್ಲಿ ಮಂಗಳೂರಿನ ಕೋರ್ಟು ಈ ಕಾಯ್ದೆಯಡಿಯಲ್ಲೇ 20 ವರ್ಷದ ಶಿಕ್ಷೆ ಕೊಟ್ಟಿತು. ಒಂದೇ ಘಟನೆ, ಕಾನೂನಿನ ಪ್ರಕಾರ ಭಯೋತ್ಪಾದನೆ, ಸಂಶೋಧಕರ ಪಟ್ಟಿಯಲ್ಲಿ ಅನುಮಾನ. ಇಂಥ ಕಡೆ ನಿಂತು ಯೋಚಿಸಲು ಖುಷಿಯಾಗುತ್ತದೆ ಎಂದಾದರೆ ಈ ವಿಷಯ ನಿಮ್ಮದು. ವಿಶ್ವಸಂಸ್ಥೆಯಲ್ಲಿ ಭಾರತ 1996ರಲ್ಲಿ ಇಟ್ಟ ಭಯೋತ್ಪಾದನೆ ವಿರುದ್ಧದ ಸಮಗ್ರ ಒಪ್ಪಂದದ ಪ್ರಸ್ತಾಪಕ್ಕೆ ಇನ್ನೂ ಮೋಕ್ಷ ಸಿಕ್ಕಿಲ್ಲ. ಅಲ್ಲೂ ಗಂಟು ವ್ಯಾಖ್ಯಾನದ್ದೇ.

ಅದೇ ಡೇಟಾಬೇಸಿನ ಇನ್ನೊಂದು ಕಥೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಅದರಲ್ಲಿ 1993ರ ಘಟನೆಗಳು ಇಲ್ಲ. ಮೂಲದಲ್ಲಿ ಆ ಮಾಹಿತಿಯನ್ನು ಒಂದು ಖಾಸಗಿ ಭದ್ರತಾ ಕಂಪನಿ ಕಾರ್ಡುಗಳಲ್ಲಿ ಕೈಯಲ್ಲಿ ಬರೆಸಿ ಇಟ್ಟಿತ್ತು. ಕಚೇರಿ ಬದಲಿಸುವಾಗ ಆ ವರ್ಷದ ಕಾರ್ಡುಗಳು ಕಳೆದುಹೋದವು. 1993 ಅಂದರೆ ಮುಂಬೈ ಸರಣಿ ಸ್ಫೋಟದ ವರ್ಷ, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಮೊದಲ ಸ್ಫೋಟದ ವರ್ಷ. ಗ್ರಾಫ್ ಹಾಕಿ “1993ರಲ್ಲಿ ಭಯೋತ್ಪಾದನೆ ಇಳಿದಿದೆ” ಎಂದು ಬರೆದು ತಂದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಅಂಕಿಅಂಶ ನೋಡುವ ಮೊದಲು ಅದು ಯಾವ ಪೆಟ್ಟಿಗೆಯಿಂದ ಬಂತು ಎಂದು ಕೇಳುವ ಅಭ್ಯಾಸ ಬೇಕು.

ಎಲ್ಲಿ ಓದುವುದು? ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಜಿಯೋಪಾಲಿಟಿಕ್ಸ್ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ ಇದೆ. ಮಂಗಳೂರಿನ ರೋಶನಿ ನಿಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಇದೆ. ಘಟ್ಟ ಹತ್ತಿದರೆ ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್, ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್. ಎರಡರ ಮೂಲವೂ ಗಾಂಧಿನಗರ. ಹಳೇ ಹೆಸರು ಬೇಕೆಂದರೆ ಪುಣೆ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳ ರಕ್ಷಣಾ ಅಧ್ಯಯನ ವಿಭಾಗಗಳು. ನೆಟ್ ಪರೀಕ್ಷೆಯಲ್ಲೂ ಅದು ಪ್ರತ್ಯೇಕ ವಿಷಯ, ಹಾಗಾಗಿ ಪಾಠ ಮಾಡುವ ದಾರಿ ತೆರೆದಿರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮಣಿಪಾಲ ಅಥವಾ ಪುಣೆ ಆರಿಸಿ, ಜೊತೆಗೇ ಐಬಿ ಪರೀಕ್ಷೆ ಬರೆಯುತ್ತಿದ್ದೆ. ಮಣಿಪಾಲದ ಶುಲ್ಕ ಭಾರವಾದರೆ ಪುಣೆಯೇ ಸರಿ.

ಹೊರದೇಶಕ್ಕೆ ಹೋಗುವುದಾದರೆ ಆಮೇಲೆ ಹೋಗಿ, ಅದೂ ಬೇರೆಯವರ ದುಡ್ಡಿನಲ್ಲಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1994ರಿಂದ ಭಯೋತ್ಪಾದನೆಗೆಂದೇ ಒಂದು ಕೇಂದ್ರವಿದೆ. ಲಂಡನ್ನಿನ ಕಿಂಗ್ಸ್ ಕಾಲೇಜು, ನೆದರ್ಲೆಂಡ್ಸಿನ ಲೈಡನ್, ಸಿಂಗಾಪುರದ ಆರ್‌ಎಸ್‌ಐಎಸ್ ಒಳ್ಳೆಯವು. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಊರಿಗೆ ವಾಪಸ್ ಬರಬೇಕು. ಬ್ಯಾಂಕುಗಳ ತವರೂರಿನಲ್ಲಿ ಸಾಲಕ್ಕೇನೂ ಬರವಿಲ್ಲ. ಕಟ್ಟುವಾಗ ಗೊತ್ತಾಗುವುದು.

ಕೆಲಸ ಖಾಸಗಿಯಲ್ಲೂ ಉಂಟು, ಇದನ್ನು ಯಾರೂ ಹೇಳುವುದಿಲ್ಲ. ಮನೆ ಅಡವಿಟ್ಟು ಅಮೆರಿಕಕ್ಕೆ ಹೋಗಿದ್ದ ಆ ಹುಡುಗ ಈಗ ಬೆಂಗಳೂರಿನಲ್ಲಿ ಒಂದು ದೊಡ್ಡ ಕಂಪನಿಯ ಭದ್ರತಾ ಕೇಂದ್ರದಲ್ಲಿದ್ದಾನೆ. ಯಾವ ದೇಶದಲ್ಲಿ ಗಲಾಟೆ, ನಮ್ಮ ನೌಕರರು ಅಲ್ಲಿ ಎಷ್ಟು ಜನ, ಯಾರಿಗೆ ಫೋನ್ ಮಾಡಬೇಕು ಎಂಬುದು ರಾತ್ರಿ ಪಾಳಿಯ ಕೆಲಸ. ಬ್ಯಾಂಕುಗಳಲ್ಲಿ ಉಗ್ರರಿಗೆ ಹೋಗುವ ಹಣದ ಜಾಡು ಹಿಡಿಯುವ ವಿಭಾಗಗಳಿವೆ. ಸಾಮಾಜಿಕ ಜಾಲತಾಣದ ಕಂಪನಿಗಳಿಗೆ ಪ್ರಚೋದನೆಯ ವಿಡಿಯೊ ಗುರುತಿಸುವವರು ಬೇಕು. ಹಡಗು, ಬಂದರುಗಳಿಗೆ 2004ರ ಜುಲೈಯಿಂದ ಐಎಸ್‌ಪಿಎಸ್ ಎಂಬ ಅಂತರರಾಷ್ಟ್ರೀಯ ಸಂಹಿತೆ ಇದೆ. ಅದರ ಪ್ರಕಾರ ದೇಶದಿಂದ ದೇಶಕ್ಕೆ ಓಡಾಡುವ ದೊಡ್ಡ ಹಡಗುಗಳಿಗೂ ಅವು ಬರುವ ಬಂದರುಗಳಿಗೂ ಒಬ್ಬ ಭದ್ರತಾ ಅಧಿಕಾರಿ ಇರಲೇಬೇಕು.

ಈಗ ನಿಮ್ಮ ಕೈಯಲ್ಲೇ ಇರುವ ಆಸ್ತಿಯ ಬಗ್ಗೆ. ನೀವು ಮಲ್ಪೆಯವರು. ತುಳು, ಕನ್ನಡ ಮನೆಯಲ್ಲೇ ಬಂತು. ಕೊಂಕಣಿ, ಬ್ಯಾರಿ, ಮಲಯಾಳ ಬಂದರಿನಲ್ಲಿ ಕಿವಿಗೆ ಬಿದ್ದಿರುತ್ತದೆ. ಈ ಕ್ಷೇತ್ರದಲ್ಲಿ ಇಂಗ್ಲಿಷ್ ವರದಿ ಓದಿ ಇನ್ನೊಂದು ಇಂಗ್ಲಿಷ್ ವರದಿ ಬರೆಯುವವರು ರಾಶಿ ಇದ್ದಾರೆ. ಜನರ ಮಾತು ಅರ್ಥವಾಗುವವರು ಕಮ್ಮಿ. ಉರ್ದು ಓದಲು ಬರೆಯಲು ಕಲಿತುಬಿಡಿ, ಆರು ತಿಂಗಳ ಕೆಲಸ ಅಷ್ಟೆ.

2008ರಲ್ಲಿ ಕರಾಚಿಯಿಂದ ಹೊರಟ ಹತ್ತು ಜನ ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ನಡುಸಮುದ್ರದಲ್ಲಿ ಹಿಡಿದು ಮುಂಬೈಗೆ ಬಂದರು. 166 ಜನ ಸತ್ತರು. ಅದಾದ ಮೇಲೆ ದೇಶದ ಕರಾವಳಿ ಕಾವಲನ್ನು ಬಿಗಿ ಮಾಡಿದರು. ನಮ್ಮಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಗಳು ಒಂಬತ್ತು, ಕೇಂದ್ರ ಕಚೇರಿ ನಿಮ್ಮ ಮಲ್ಪೆಯಲ್ಲೇ. ಮೀನುಗಾರರಿಗೆ ಬಯೊಮೆಟ್ರಿಕ್ ಕಾರ್ಡು ಬಂತು, ಬೋಟುಗಳಿಗೆ ರಾಜ್ಯಕ್ಕೊಂದು ಬಣ್ಣ ಬಂತು.

ಒಂದು ಮಳೆಗಾಲ, ಜೂನ್-ಜುಲೈಯ ನಿಷೇಧದ ಸಮಯ, ಬೋಟೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತಿದ್ದವು. ಮೀನುಗಾರರ ಸಭೆಗೆ ನನ್ನನ್ನೂ ಕರೆದಿದ್ದರು. ನಾನು ಬಣ್ಣದ ಚಾರ್ಟ್ ತೋರಿಸಿ, ಯಾವ ರಾಜ್ಯಕ್ಕೆ ಯಾವ ಬಣ್ಣ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಮುಗಿದ ಮೇಲೆ ಒಬ್ಬರು ವಯಸ್ಸಾದ ತಂಡೇಲರು, ಅಂದರೆ ಬೋಟು ನಡೆಸುವವರು, ಎದ್ದು ನಿಂತರು. “ಬಣ್ಣ ಯಾರು ಬೇಕಾದ್ರೂ ಬಳಿಬಹುದು ಸರ್. ನಾವು ನೋಡುದು ಬಲೆ. ಆ ಗಾಳಿಗೆ, ಆ ಆಳಕ್ಕೆ ಆ ಬಲೆ ಯಾರೂ ಹಾಕುದಿಲ್ಲ ಅಂತ ಆದ್ರೆ ಅದು ಮೀನು ಹಿಡಿಲಿಕ್ಕೆ ಬಂದ ಬೋಟಲ್ಲ.” ಮತ್ತೆ ಕೂತರು. ನನ್ನ ಚಾರ್ಟ್ ಮಡಚಿದೆ. ಸಮುದ್ರದ ಭದ್ರತೆಯ ಮೇಲೆ ನಾನು ಓದಿದ ಎಷ್ಟೋ ಪ್ರಬಂಧಗಳಲ್ಲಿ ಈ ಮಾತು ಇರಲಿಲ್ಲ.

ಸಂಶೋಧನೆಗೆ ವಿಷಯವನ್ನೂ ದೂರ ಹುಡುಕಬೇಡಿ. ನಿಮ್ಮ ಜಿಲ್ಲೆಯಲ್ಲೇ, ಕಾರ್ಕಳದ ಈದುವಿನಲ್ಲಿ 2003ರ ನವೆಂಬರಿನಲ್ಲಿ ನಕ್ಸಲ್ ಎನ್‌ಕೌಂಟರ್ ನಡೆಯಿತು. 2024ರ ನವೆಂಬರಿನಲ್ಲಿ ಹೆಬ್ರಿ ಕಡೆಯ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತದ್ದು, 2025ರ ಜನವರಿಯಲ್ಲಿ ಆರು ಜನ ನಕ್ಸಲರು ಶರಣಾದದ್ದು ಎಲ್ಲರಿಗೂ ಗೊತ್ತು. ಎರಡು ದಶಕ ಇದ್ದೂ ಆ ಚಳವಳಿ ಇಲ್ಲಿ ಯಾಕೆ ಬೇರು ಬಿಡಲಿಲ್ಲ? ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಭಯ ಎಷ್ಟು ಕೆಲಸ ಮಾಡಿತು? ಇದಕ್ಕೆ ಉತ್ತರ ಹುಡುಕಲು ವಾಷಿಂಗ್ಟನ್ನಿಗಿಂತ ಕಬ್ಬಿನಾಲೆಯ ಚಾದಂಗಡಿ ಒಳ್ಳೆಯ ಲೈಬ್ರರಿ. ಹಾಂ, ಭಯೋತ್ಪಾದನೆ ಅಂದ ಕೂಡಲೇ ಒಂದೇ ಸಮುದಾಯದ ಮುಖ ಕಣ್ಣಿಗೆ ಬರುವವರು ನಮ್ಮ ಕರಾವಳಿಯಲ್ಲಿ ಜಾಸ್ತಿ. ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನನ್ನು 1881ರಲ್ಲಿ ಬಾಂಬ್ ಎಸೆದು ಕೊಂದವರು, ಶ್ರೀಲಂಕಾದ ಎಲ್‌ಟಿಟಿಇಯವರು, ನಕ್ಸಲರು ಎಲ್ಲರೂ ಒಂದೇ ಪಠ್ಯದಲ್ಲಿ ಬರುತ್ತಾರೆ. ಆ ಕನ್ನಡಕ ತೆಗೆದಿಡಲು ಆಗದಿದ್ದರೆ ಬೇರೆ ಕೋರ್ಸ್ ನೋಡಿಕೊಳ್ಳುವುದು ಒಳ್ಳೆಯದು.

ಒಂದು ಎಚ್ಚರಿಕೆ, ಇದನ್ನು ತಮಾಷೆ ಮಾಡಬೇಡಿ. ಓದಿನ ಹುಮ್ಮಸ್ಸಿನಲ್ಲಿ ಉಗ್ರ ಸಂಘಟನೆಗಳ ಕೈಪಿಡಿ, ವಿಡಿಯೊ ಇಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ವಾಟ್ಸ್‌ಆ್ಯಪಿನಲ್ಲಿ ಗೆಳತಿಯರಿಗೆ ಕಳಿಸಬೇಡಿ. ಟೆಲಿಗ್ರಾಂ ಗುಂಪಿಗೆ ‘ಸುಮ್ನೆ ನೋಡೋಣ’ ಎಂದು ಸೇರಬೇಡಿ. 2008ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಅಲ್ ಖೈದಾ ಕೈಪಿಡಿಯನ್ನು ಸಂಶೋಧನೆಗೆಂದು ಇಳಿಸಿಕೊಂಡ, ಅದೂ ಅಮೆರಿಕದ ನ್ಯಾಯ ಇಲಾಖೆಯ ಜಾಲತಾಣದಿಂದ. ಪೊಲೀಸರು ಬಂಧಿಸಿ ಸುಮಾರು ಒಂದು ವಾರ ಇಟ್ಟರು. ಆಮೇಲೆ ಯಾವ ಆರೋಪವೂ ಇಲ್ಲದೆ ಬಿಟ್ಟರು, 2011ರಲ್ಲಿ ಪರಿಹಾರವನ್ನೂ ಕೊಟ್ಟರು. ಅಲ್ಲಿ ಪರಿಹಾರ ಸಿಕ್ಕಿತು. ಇಲ್ಲಿ ಯುಎಪಿಎಯಲ್ಲಿ ಜಾಮೀನು ಸಿಗುವುದೇ ಕಷ್ಟ. ಯಾವುದಾದರೂ ಮೂಲ ದಾಖಲೆ ಬೇಕಾದರೆ ಮಾರ್ಗದರ್ಶಕರಿಂದ ಲಿಖಿತ ಒಪ್ಪಿಗೆ ಪಡೆದು, ವಿಭಾಗದ ಕಂಪ್ಯೂಟರಿನಲ್ಲೇ ನೋಡಿ. ಇಂಥದ್ದನ್ನು ದಿನವಿಡೀ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದೂ ನಿಜ. ನನಗೂ ಒಂದು ವರ್ಷ ಹಾಗಾಗಿತ್ತು.

ಕೊನೆಗೆ ಅರ್ಜಿಯ ಬಗ್ಗೆ. ಎಲ್ಲಿ ಹಾಕಿದರೂ ‘ಈ ವಿಷಯ ಯಾಕೆ ಓದಬೇಕು’ ಎಂದು ಎರಡು ಪುಟ ಬರೆಸುತ್ತಾರೆ. ನಾನು ಅಂಥ ನೂರಾರು ಓದಿದ್ದೇನೆ. ಹತ್ತರಲ್ಲಿ ಎಂಟು “ಚಿಕ್ಕಂದಿನಲ್ಲಿ ಟಿವಿಯಲ್ಲಿ ತಾಜ್ ಹೋಟೆಲ್ ಉರಿಯುವುದನ್ನು ನೋಡಿದೆ” ಎಂದು ಶುರುವಾಗುತ್ತವೆ. ನೀವು ಹಾಗೆ ಶುರು ಮಾಡಬೇಡಿ. ಈ ಸಲ ಬೋಟು ದಡ ಸೇರಿದಾಗ ಅಪ್ಪನನ್ನೂ ಅವರ ತಂಡೇಲರನ್ನೂ ಕೂರಿಸಿಕೊಂಡು ಕೇಳಿ: ನಡುಸಮುದ್ರದಲ್ಲಿ ಗೊತ್ತಿಲ್ಲದ ಬೋಟು ಕಂಡರೆ ಮೊದಲು ಏನು ನೋಡುತ್ತೀರಿ, ಯಾರಿಗೆ ಹೇಳುತ್ತೀರಿ, ಹೇಳಿದ ಮೇಲೆ ಏನಾಯಿತು? ಎಷ್ಟು ಸಲ ಹೇಳದೆ ಸುಮ್ಮನಿದ್ದಿರಿ, ಯಾಕೆ? ಕೊನೇ ಪ್ರಶ್ನೆಗೆ ಬರುವ ಉತ್ತರವನ್ನು ಪೂರ್ತಿ ಬರೆದುಕೊಳ್ಳಿ. ಅವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದುಕೊಳ್ಳಿ, ಅರ್ಜಿಗೆ ಇಂಗ್ಲಿಷ್ ಆಮೇಲೆ ಮಾಡಿದರಾಯಿತು. ಅದನ್ನು ನನಗೂ ಒಂದು ಪ್ರತಿ ಕಳಿಸಿ.